ಮೂವತ್ತೊಂದೂ ಪುಟ ಕೇಳಿದ ಮೌಶಿ

ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆದಿದ್ದರೆ, "ತಮ್ಮಾ, ನಾ ಒಪ್ಪಿಗಿ ಕೊಟ್ಟ ಕಾಗದ ಎಲ್ಲದ? ತೋರ್ಸು" ಎಂದು ಕೇಳಿಯೇ ಕೇಳುತ್ತಿದ್ದರು. ಕೇಳುವುದಕ್ಕೆ ಈಗ ಅವರಿಲ್ಲ. ಹೋದ ತಿಂಗಳು ಒಂದು ಬೆಳಿಗ್ಗೆ ಚಹಾ ಕುಡಿದು, ಲೋಟ ತೊಳೆದಿಟ್ಟು, ಕುರ್ಚಿಯಲ್ಲಿ ಕುಳಿತಲ್ಲೇ ಹೋದರು. ಬಿಲ್ಡಿಂಗಿನ ವಾಟ್ಸಾಪ್ ಗುಂಪಿನಲ್ಲಿ ಕೈಮುಗಿದ ಚಿತ್ರಗಳು ಸಾಲುಗಟ್ಟಿ ಬಂದವು. ಅವುಗಳ ನಡುವೆ ಮೂರನೇ ಮಹಡಿಯ ಗುಜರಾತಿ ಅಂಕಲ್, ಮೌಶಿಯ ಅಣ್ಣನ ಮಗನಿಗೆ ಒಂದು ಪ್ರಶ್ನೆ ಹಾಕಿದ್ದರು: ಡೆತ್ ಸರ್ಟಿಫಿಕೇಟಿನ ಎಷ್ಟು ಕಾಪಿ ಮಾಡಿಸಿದ್ದೀರಿ? ಬೇರೆ ಯಾರದೋ ಸಾವಿನಲ್ಲಿ ಹೀಗೆ ಕೇಳಿದ್ದರೆ ಜಗಳವೇ ಆಗುತ್ತಿತ್ತು. ನಮ್ಮ ಬಿಲ್ಡಿಂಗಿನಲ್ಲಿ ಅದನ್ನು ಓದಿ ಎಲ್ಲರೂ ನಕ್ಕರು, ನಕ್ಕು ಕಣ್ಣೊರೆಸಿಕೊಂಡರು. ಆ ಪ್ರಶ್ನೆ ಕೇಳುವುದನ್ನು ಅಂಕಲ್ಲಿಗೆ ಕಲಿಸಿದ್ದೇ ಮೌಶಿ.

ಭಾಂಡುಪಿನ ನಮ್ಮ ಬಿಲ್ಡಿಂಗಿನಲ್ಲಿ ಅವರದು ಎರಡನೇ ಮಹಡಿ, ನಮ್ಮದು ನಾಲ್ಕನೆಯದು. ವಿಜಯಪುರದ ಕಡೆಯವರು. ಇಪ್ಪತ್ತರ ವಯಸ್ಸಿನಲ್ಲಿ ಪರೇಲಿನ ಚಾಳಿನಲ್ಲಿದ್ದ ಅಣ್ಣನ ಮನೆಗೆ ಬಂದು, ಟೈಪಿಂಗ್ ಕಲಿತು, ಒಂದು ಬ್ಯಾಂಕಿಗೆ ಸೇರಿದರು. ಅಲ್ಲಿನ ರೆಕಾರ್ಡ್ ರೂಮಿನಲ್ಲಿ ಹಳೆಯ ಫೈಲುಗಳ ನಡುವೆ ಮೂವತ್ತು ವರ್ಷ ಕಳೆದು ನಿವೃತ್ತರಾದರು. ಮದುವೆಯಾಗಿರಲಿಲ್ಲ. ಯಾಕೆ ಎಂದು ಯಾರಾದರೂ ಕೆದಕಿದರೆ, "ಬಂದ ಅರ್ಜಿ ಯಾವೂ ಪೂರ್ತಿ ತುಂಬಿದ್ದಿಲ್ಲ" ಎಂದು ಮುಖ ಗಂಟಿಕ್ಕಿಕೊಂಡೇ ಹೇಳುತ್ತಿದ್ದರು.

ಉಡುಪಿ ಕಡೆಯವನಾದ ನನಗೆ ಅವರ ವಯಸ್ಸಿನವರು ದೊಡ್ಡಮ್ಮ ಆಗಬೇಕಿತ್ತು. ಆದರೆ ಮರಾಠಿಯವರು, ಗುಜರಾತಿಯವರು, ಲಿಫ್ಟ್ ರಿಪೇರಿಗೆ ಬರುವ ಬಿಹಾರಿನವನು ಎಲ್ಲರೂ ಮೌಶಿ ಎನ್ನುವಾಗ ನಾನೊಬ್ಬ ಬೇರೆ ಕರೆಯುವುದು ಹೇಗೆ? ಗಿಡ್ಡ ಆಳು. ಕೈಯಲ್ಲಿ ಗಂಡಸರ ಗಡಿಯಾರ. ಹೆಗಲಿಗೊಂದು ಚೀಲ, ಅದರಲ್ಲಿ ಪಂಚಿಂಗ್ ಮಷೀನು, ಕಾಗದ ಕಟ್ಟುವ ದಾರ, ಎರಡು ಪೆನ್ನು, ಒಂದು ಪೊಟ್ಟಣ ಹುರಿದ ಶೇಂಗಾ. ಸ್ಟೇಪ್ಲರ್ ಕಂಡರೆ ಅವರಿಗೆ ಆಗುತ್ತಿರಲಿಲ್ಲ. "ಪಿನ್ನಿಗೆ ಜಂಗ್ ಹತ್ತತದ, ಕಾಗದ ತಿಂದು ಹಾಕತದ" ಎಂದು, ಬೇರೆಯವರ ಕಾಗದದ ಪಿನ್ನುಗಳನ್ನೂ ಉಗುರಿನಿಂದ ಎಬ್ಬಿಸಿ ತೆಗೆದು ದಾರ ಪೋಣಿಸಿ ಕೊಡುತ್ತಿದ್ದರು.

ಅವರ ಮನೆಯಲ್ಲಿ ತಾರೀಖಿಲ್ಲದ ವಸ್ತುವೇ ಇರಲಿಲ್ಲ. ಉಪ್ಪಿನಕಾಯಿ ಭರಣಿಯ ಮೇಲೆ ಹಾಕಿದ ದಿನ, ಗ್ಯಾಸ್ ಸಿಲಿಂಡರಿನ ಮೇಲೆ ಹಚ್ಚಿದ ದಿನ, ಫ್ಯಾನಿನ ರೆಕ್ಕೆಯ ಮೇಲೆ ಅದನ್ನು ಒರೆಸಿದ ದಿನ. ಒಮ್ಮೆ ಮಳೆಗೆ ಸಿಕ್ಕಿಕೊಂಡು ಅವರ ಛತ್ರಿ ಕೇಳಿದೆ. ಒಳಗೆ ಹೋದವರು ಛತ್ರಿಯ ಜೊತೆಗೆ ಒಂದು ಚೀಟಿ ತಂದು ಸಹಿ ಮಾಡಿಸಿಕೊಂಡರು. ವಾಪಸ್ ಕೊಟ್ಟ ದಿನ ಅದೇ ಚೀಟಿಯ ಮೇಲೆ "ತಲುಪಿತು, ಒಂದು ಕಡ್ಡಿ ಬಾಗಿದೆ" ಎಂದು ಬರೆದು ನನಗೇ ಕೊಟ್ಟರು. ಸಿಟ್ಟಿರಲಿಲ್ಲ. ದಾಖಲೆ ಅಷ್ಟೆ.

ಮುದ್ರಿಸಿದ್ದು ಏನಿದ್ದರೂ ಓದುತ್ತಿದ್ದರು. ಒಂದು ಸಲ ನಾನು, ನನ್ನ ಹೆಂಡತಿ, ಮೌಶಿ ಮೂವರೂ ಗ್ರಾಂಟ್ ರೋಡಿನಲ್ಲಿ ಸೀರೆ ಕೊಂಡು ಒಂದು ಉಡುಪಿ ಹೋಟೆಲಿಗೆ ಹೋಗಿದ್ದೆವು. ಮೌಶಿ ಮೆನು ಕಾರ್ಡನ್ನು ಮೊದಲ ಸಾಲಿನಿಂದ ಓದತೊಡಗಿದರು. ಹೊರಗಿನ ತಿಂಡಿ ಒಳಗೆ ತಿನ್ನಬಾರದು ಎಂಬ ಕೊನೆಯ ಸಾಲಿಗೆ ಬರುವಷ್ಟರಲ್ಲಿ ವೇಟರ್ ಮೂರು ಸಲ ಬಂದು ಹೋಗಿದ್ದ. ನಾಲ್ಕನೇ ಸಲ ಬಂದವನು ನನ್ನ ಕಿವಿಯಲ್ಲಿ, "ಅಮ್ಮನಿಗೆ ನಾಳೆ ಪರೀಕ್ಷೆ ಉಂಟಾ ಮಾರಾಯ್ರೆ?" ಎಂದು ಕೇಳಿದ. ಮೌಶಿ ಕಾರ್ಡು ಮುಚ್ಚಿ ಇಡ್ಲಿ ಹೇಳಿದರು.

ಇಂಥವರನ್ನು ನಾವೆಲ್ಲ ಬೆನ್ನ ಹಿಂದೆ ಆಡಿಕೊಂಡು ನಗುತ್ತಿದ್ದೆವು, ನಿಜ. ನನ್ನ ನಗೆ ನಿಂತದ್ದು ಬ್ಯಾಂಕಿನಿಂದ ಆ ಕಾಗದ ಬಂದ ದಿನ.

ಈ ಮನೆಗೆಂದು ಹದಿನೈದು ವರ್ಷಕ್ಕೆ ತೆಗೆದ ಸಾಲ ಅದು. ಪರೇಲಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಟೆಕ್ನಿಷಿಯನ್ ಆಗಿರುವ ನಾನು ಹನ್ನೆರಡು ವರ್ಷ ಒಂದೇ ಒಂದು ಕಂತು ತಪ್ಪಿಸದೆ ಕಟ್ಟಿದ್ದೆ. ಇನ್ನು ಮೂರು ವರ್ಷ, ಆಮೇಲೆ ಮನೆ ನಮ್ಮದು ಎಂದು ಲೆಕ್ಕ ಹಾಕಿಕೊಂಡಿದ್ದೆ. ಕಾಗದದಲ್ಲಿ, ಬಡ್ಡಿ ದರ ಏರಿದ್ದರಿಂದ ಇನ್ನೂ ಒಂಬತ್ತು ವರ್ಷದ ಕಂತು ಬಾಕಿ ಎಂದಿತ್ತು. ಓದಿದ ನನ್ನ ಹೆಂಡತಿ ಅಡುಗೆಮನೆಯ ನೆಲದ ಮೇಲೆ ಕುಳಿತುಬಿಟ್ಟಳು. ನನಗೆ ನಿವೃತ್ತಿಗೆ ಉಳಿದಿದ್ದದ್ದು ಆರು ವರ್ಷ.

ಕಾಗದ ಹಿಡಿದು ಮೆಟ್ಟಿಲಿಳಿಯುತ್ತ ನಾನು ಯಾರಿಗೆ ಬೈಯುತ್ತಿದ್ದೆನೋ ನನಗೇ ಗೊತ್ತಿರಲಿಲ್ಲ. ಎರಡನೇ ಮಹಡಿಯಲ್ಲಿ ಬಾಗಿಲು ತೆರೆಯಿತು.

"ಯಾಕ ತಮ್ಮಾ, ಯಾರ ಮ್ಯಾಲೆ ಇಷ್ಟ ಸಿಟ್ಟು?"

"ನಾಳೆ ಬ್ಯಾಂಕಿಗೆ ಹೋಗ್ತೇನೆ ಮೌಶಿ. ಆ ಮ್ಯಾನೇಜರನ ಗ್ರಹಚಾರ ಬಿಡಿಸ್ತೇನೆ. ರೇಟು ಬದಲಾಗುವುದಿಲ್ಲ ಅಂತ ಹೇಳಿ ಸಾಲ ಕೊಟ್ಟವರು ಇವರು!"

"ಬಿಡಸಂತಿ. ಯಾವ ಕಾಗದ ಹಿಡ್ಕೊಂಡು ಬಿಡಸ್ತಿ?"

"ಇದೇ ಕಾಗದ."

"ಇದು ಅವರ ಬರದದ್ದು. ನೀ ಸಹಿ ಮಾಡಿದ ಅಗ್ರಿಮೆಂಟ್ ಎಲ್ಲದ?"

ಅದು ನನ್ನ ಬಳಿ ಇರಲಿಲ್ಲ. ಏಜೆಂಟ್ ಒಬ್ಬ ಆಸ್ಪತ್ರೆಯ ಕ್ಯಾಂಟೀನಿಗೇ ಬಂದು, ಹಾಳೆ ತಿರುವುತ್ತ ತಿರುವುತ್ತ ಪೆನ್ಸಿಲ್ ಗುರುತಿದ್ದಲ್ಲೆಲ್ಲ ಸಹಿ ಹಾಕಿಸಿಕೊಂಡು ಹೋಗಿದ್ದ. ಪ್ರತಿ ಆಮೇಲೆ ಕಳಿಸುತ್ತೇನೆ ಎಂದಿದ್ದ. ನಾನು ಎಲ್ಲ ಕಡೆಗೂ ಕನ್ನಡದಲ್ಲೇ ಸಹಿ ಮಾಡುವವನು. ಊರಿನ ಶಾಲೆಯಲ್ಲಿ ಮೇಷ್ಟ್ರು ಕಲಿಸಿದ ಸಹಿ ಅದು, ಇವತ್ತಿಗೂ ಬದಲಿಸಿಲ್ಲ. ಏಜೆಂಟ್ ಅದನ್ನು ನೋಡಿ, ಜಿಲೇಬಿ ಬಿಡಿಸುತ್ತಿದ್ದೀರಿ ಸಾರ್ ಎಂದು ನಕ್ಕಿದ್ದು ಮಾತ್ರ ನೆನಪಿತ್ತು. ಅದನ್ನೆಲ್ಲ ಮೌಶಿಗೆ ಹೇಳಿದೆ.

"ಮೊದಲ ಅದನ್ನ ತರಸು. ನೋಡೂಣು. ಆಮ್ಯಾಲೆ ಜಗಳ ಮಾಡೂದದನೋ ಇಲ್ಲೋ ತಿಳೀತದ" ಎಂದರು ಮೌಶಿ. ಒಳಗೆ ಕರೆದು ಒಂದು ತಟ್ಟೆ ಚುರುಮುರಿ ಮುಂದಿಟ್ಟು, ಪೆನ್ನು ಕೊಟ್ಟರು.

ನಾನು ಬರೆದ ಮೊದಲ ಪತ್ರ ಒಂದೂವರೆ ಪುಟ ಇತ್ತು. ಮೋಸ, ದರೋಡೆ, ರಕ್ತ ಹೀರುವುದು ಎಲ್ಲವೂ ಅದರಲ್ಲಿದ್ದವು. ಮೌಶಿ ಕೆಂಪು ಪೆನ್ನಿನಿಂದ ಹೊಡೆಯುತ್ತ ಹೋಗಿ ಕೊನೆಗೆ ನಾಲ್ಕು ಸಾಲು ಉಳಿಸಿದರು. "ಈಗ ಕೇಳೂದು ಅಷ್ಟ. ಕೇಳೂ ಹೊತ್ತಿನ್ಯಾಗ ಬೈದ್ರ ಯಾರ ಕೊಡ್ತಾರ?" ನಾಲ್ಕು ಸಾಲಿನಲ್ಲಿ ಇದ್ದದ್ದು ಇಷ್ಟೆ: ನನ್ನ ಸಾಲದ ಖಾತೆಯ ನಂಬರು ಇದು. ನಾನು ಸಹಿ ಮಾಡಿದ ಒಪ್ಪಂದದ ಎಲ್ಲ ಪುಟಗಳು, ಸಾಲ ಮಂಜೂರು ಮಾಡಿದ ಪತ್ರ, ಅವುಗಳ ಜೊತೆ ಲಗತ್ತಿಸಿದ ಪ್ರತಿಯೊಂದು ಕಾಗದ, ಮೊದಲ ದಿನದಿಂದ ಇವತ್ತಿನವರೆಗಿನ ಲೆಕ್ಕ, ಇವುಗಳ ಪ್ರತಿ ಬೇಕು. ಕೆಳಗೆ ನನ್ನ ಕನ್ನಡ ಸಹಿ. ಎರಡು ಪ್ರತಿ: ಒಂದು ಅವರಿಗೆ, ಇನ್ನೊಂದು ಅವರ ಸ್ಟಾಂಪ್ ಹೊಡೆಸಿಕೊಂಡು ನಮಗೆ.

ಆ ಸ್ಟಾಂಪಿಗಾಗಿ ಅವರೇ ನನ್ನ ಜೊತೆ ಬ್ರಾಂಚಿಗೆ ಬಂದರು. ಕೌಂಟರಿನ ತರುಣ ಪತ್ರ ತೆಗೆದುಕೊಂಡ, ಸ್ಟಾಂಪ್ ಹಾಕುವ ಪದ್ಧತಿ ಇಲ್ಲ ಎಂದ. ನಾನು ಬಾಯಿ ತೆರೆಯುವ ಮೊದಲೇ ಮೌಶಿ ನನ್ನ ಕಾಲು ತುಳಿದರು. "ಕಾಯ್ ಹರಕತ್ ನಾಹೀ ಬಾಳಾ, ಮೀ ಬಸತೇ", ಪರವಾಗಿಲ್ಲ ಮಗೂ, ನಾನು ಕೂತಿರುತ್ತೇನೆ, ಎಂದು ಅವನ ಎದುರಿನ ಸೋಫಾದ ಮೇಲೆ ಕುಳಿತು ಶೇಂಗಾ ಪೊಟ್ಟಣ ಬಿಚ್ಚಿದರು. ಪಕ್ಕದಲ್ಲಿ ಕುಳಿತಿದ್ದ ಇಬ್ಬರು ಪೆನ್ಷನ್ ಅಜ್ಜಂದಿರಿಗೂ ಕೊಟ್ಟರು. ಹತ್ತು ನಿಮಿಷದಲ್ಲಿ ಒಬ್ಬ ಅಜ್ಜನ ಎಫ್‌ಡಿ ರಸೀದಿ ತಪಾಸಣೆ ಶುರುವಾಯಿತು. ನಾಮಿನಿಯ ಹೆಸರೇ ಇಲ್ಲ ಎಂದು ಮೌಶಿ ಎಲ್ಲರಿಗೂ ಕೇಳುವಂತೆ ಹೇಳಿದರು. ಇನ್ನೊಬ್ಬ ಅಜ್ಜ ಗಾಬರಿಯಿಂದ ತನ್ನ ಚೀಲ ತಡಕತೊಡಗಿದ. ತರುಣ ಎದ್ದು ಬಂದು ನಮ್ಮ ಕಾಗದಕ್ಕೆ ಸ್ಟಾಂಪ್ ಹೊಡೆದುಕೊಟ್ಟ. ಮೌಶಿ ಕನ್ನಡಕ ಏರಿಸಿ ನೋಡಿ, "ಬಾಳಾ, ಇದರ ಮೇಲೆ ನಿನ್ನೆಯ ತಾರೀಖಿದೆ" ಎಂದು ಮರಾಠಿಯಲ್ಲಿ ಹೇಳಿದರು. ಅವನು ಸ್ಟಾಂಪಿನ ಚಕ್ರ ತಿರುಗಿಸಿ ಇನ್ನೊಮ್ಮೆ ಹೊಡೆದ.

ಹೊರಗೆ ಬಂದ ಮೇಲೆ ನಾನು ಕೇಳಿದೆ, "ಒಂದು ದಿನದ ವ್ಯತ್ಯಾಸದಿಂದ ಏನಾಗ್ತದೆ ಮೌಶಿ?"

"ಏನೂ ಆಗೂದಿಲ್ಲ. ಆದ್ರ ಸುಳ್ಳ ಅಲ್ಲೇನು?"

ಮೂರು ವಾರಕ್ಕೆ ಬಂದ ಉತ್ತರದಲ್ಲಿ ಲೆಕ್ಕದ ಹಾಳೆಗಳ ಜೊತೆ ಒಪ್ಪಂದದ ಮೂರು ಪುಟಗಳಿದ್ದವು. ಬ್ಯಾಂಕು ಇನ್ನೊಂದು ಬ್ಯಾಂಕಿನಲ್ಲಿ ವಿಲೀನವಾಗಿದೆ, ಹಳೆಯ ಫೈಲುಗಳು ಭಿವಂಡಿಯ ಗೋಡೌನಿಗೆ ಹೋಗಿವೆ, ಸಿಕ್ಕಿದ್ದು ಇಷ್ಟೇ ಎಂದು ಬರೆದಿದ್ದರು. ನನಗೆ ಸಾಕೆನಿಸಿತ್ತು. ಮೌಶಿ ಪುಟದ ಬುಡಕ್ಕೆ ಬೆರಳಿಟ್ಟರು. "ಇಲ್ಲಿ ಏನ ಬರದದ ಓದು. ಒಟ್ಟು ಮೂವತ್ತೊಂದು ಪುಟದಾಗ ಇದು ಮೂರನೇದು. ಉಳಿದ ಇಪ್ಪತ್ತೆಂಟು ಎಲ್ಲಿ ಹೋದ್ವು?"

ಮತ್ತೆ ನಾಲ್ಕು ಸಾಲಿನ ಪತ್ರ. ಈ ಸಲ ಬ್ಯಾಂಕಿನ ಹೆಡ್ ಆಫೀಸಿನಲ್ಲಿ ದೂರು ನೋಡುವ ಅಧಿಕಾರಿಗೆ, ಮೊದಲ ಪತ್ರದ ಸ್ಟಾಂಪ್ ಇದ್ದ ಪ್ರತಿಯೊಂದಿಗೆ ರಿಜಿಸ್ಟರ್ ಪೋಸ್ಟಿನಲ್ಲಿ. ಅಂತೂ ಮೇ ತಿಂಗಳ ಒಂದು ಮಧ್ಯಾಹ್ನ ದಪ್ಪನೆಯ ಹಳದಿ ಲಕೋಟೆ ಬಂತು.

ಮೌಶಿಯ ಮನೆಯಲ್ಲಿ ನೆಲದ ಮೇಲೆ ಮೂವತ್ತೊಂದು ಪುಟಗಳನ್ನೂ ಲಗತ್ತುಗಳನ್ನೂ ಸಾಲಾಗಿ ಹಾಸಿದೆವು. ಹಾರಿಹೋಗುತ್ತವೆಂದು ಫ್ಯಾನ್ ಬಂದ್. ಬೆವರಿನ ಹನಿ ಬಿದ್ದು ಅಕ್ಷರ ಕದಡೀತೆಂದು ಕುತ್ತಿಗೆಗೆ ಟವೆಲ್ ಸುತ್ತಿಕೊಂಡು ಇಬ್ಬರೂ ಮಂಡಿಯೂರಿ ಓದಿದೆವು. ಒಂಬತ್ತನೇ ಪುಟದಲ್ಲಿ ನನ್ನ ಬೆರಳು ನಿಂತಿತು. ಬಡ್ಡಿಯ ದರ ಕಾಲಕಾಲಕ್ಕೆ ಬದಲಾಗಬಹುದು, ಅದಕ್ಕೆ ತಕ್ಕಂತೆ ಕಂತುಗಳ ಸಂಖ್ಯೆಯೂ ಹೆಚ್ಚಬಹುದು ಎಂದು ಸ್ಪಷ್ಟವಾಗಿ ಬರೆದಿತ್ತು. ಅದರ ಕೆಳಗೆ ದುಂಡಗೆ ನನ್ನ ಕನ್ನಡ ಸಹಿ. ಏಜೆಂಟ್ ಬಾಯಲ್ಲಿ ಏನೇ ಹೇಳಿರಲಿ, ನಾನು ಒಪ್ಪಿದ್ದು ಇದನ್ನು.

"ಮುಗೀತು ಮೌಶಿ" ಎಂದೆ.

"ಇನ್ನೂ ಕಾಗದ ಮುಗಿದಿಲ್ಲ" ಎಂದರು ಅವರು.

ಲಗತ್ತುಗಳಲ್ಲಿ ಕೊನೆಯದು ಒಂದು ಜೀವವಿಮೆಯ ಅರ್ಜಿ. ನನ್ನ ಹೆಸರಿನಲ್ಲಿ. ಅಷ್ಟೂ ವರ್ಷದ ಪ್ರೀಮಿಯಂ ಅನ್ನು ಒಂದೇ ಸಲಕ್ಕೆ ಸಾಲಕ್ಕೆ ಸೇರಿಸಿದ್ದು ಲೆಕ್ಕದ ಮೊದಲ ಹಾಳೆಯಲ್ಲೇ ಇತ್ತು. ಅಂಥದೊಂದು ವಿಮೆ ಇದೆ ಎನ್ನುವುದೇ ನನಗೆ ತಿಳಿದಿರಲಿಲ್ಲ. ಹನ್ನೆರಡು ವರ್ಷದಿಂದ ಅದಕ್ಕೂ ಬಡ್ಡಿ ಕಟ್ಟುತ್ತಿದ್ದೆ. ಅರ್ಜಿಯ ಕೆಳಗೆ ಇಂಗ್ಲಿಷಿನಲ್ಲಿ ನನ್ನ ಸಹಿ. ಅದರಲ್ಲೂ ನನ್ನ ಹೆಸರಿನ ಒಂದು ಅಕ್ಷರ ತಪ್ಪು.

ಮೌಶಿ ಆ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. ಆಮೇಲೆ ನನ್ನ ಸಹಿಯಿದ್ದ ಪುಟಗಳನ್ನೆಲ್ಲ ಒಂದೊಂದಾಗಿ ಎಣಿಸಿ, "ಉಳಿದ ಕಡೆ ಎಲ್ಲಾ ಜಿಲೇಬಿ. ಇಲ್ಲೊಂದ ಕಡೆ ಬಿಸ್ಕೀಟು!" ಎಂದು ಚಪ್ಪಾಳೆ ತಟ್ಟಿ ನಕ್ಕರು. ಎದ್ದು ಫ್ಯಾನ್ ಹಾಕಲು ಹೋಗಿ, ನೆನಪಾಗಿ ವಾಪಸ್ ಬಂದು ಕುಳಿತರು.

ನಾನೂ ಹುಮ್ಮಸ್ಸಿನಿಂದ ದೂರು ಬರೆಯಲು ಕುಳಿತೆ. ಮೊದಲು ಬಡ್ಡಿ ದರದ ಮೋಸ, ಆಮೇಲೆ ವಿಮೆಯ ಮೋಸ. ಮೌಶಿ ಮೊದಲಿನದಕ್ಕೆ ಅಡ್ಡಗೆರೆ ಎಳೆದರು.

"ಇರಲಿ ಮೌಶಿ, ಎರಡೂ ಬರೆಯುವ. ಒಂದಲ್ಲ ಒಂದು ತಾಗ್ತದೆ."

ಅವರು ನನ್ನ ಮೇಲೆ ಸಿಟ್ಟಾದದ್ದು ಅದೊಂದೇ ಸಲ. ಕೈಯಿಂದ ಪೆನ್ನು ಕಿತ್ತುಕೊಂಡರು. "ಒಂಬತ್ತನೇ ಪುಟ ನೀನ ಓದಿದಿ. ನಿನ್ನ ಸಹಿ ನೀನ ನೋಡಿದಿ. ಇನ್ನ ಹ್ಯಾಂಗ ಬರೀತಿ? ಬ್ಯಾಂಕಿನವರು ಕಾಗದ ನೋಡದ ಹೇಳ್ತಾರ, ನೀ ನೋಡಿನೂ ಬ್ಯಾರೆ ಹೇಳ್ತಿ. ಇಬ್ಬರಾಗ ಏನ ಫರಕು?"

ನಾನು ತಲೆ ತಗ್ಗಿಸಿದೆ. ಅವರು ಕಾಗದಗಳನ್ನು ಜೋಡಿಸುತ್ತ, ತಾವಾಗಿ ಹೇಳತೊಡಗಿದರು.

"ಪರೇಲಿನ್ಯಾಗ ಒಬ್ಬ ಮಿಲ್ ಕಾರ್ಮಿಕ ಇದ್ದ. ನಮ್ಮ ಕಡೆಯಾಂವ, ಬಾಗಲಕೋಟಿ ಹತ್ರದಾಂವ. ಯಾರದೋ ಸಾಲಕ್ಕ ನೀ ಜಾಮೀನು ಅಂತ ಬ್ಯಾಂಕಿನವರು ಅವನ ಪಗಾರ ಹಿಡೀಲಿಕ್ಕೆ ಹತ್ತಿದ್ರು. ನಾ ಸಹಿ ಮಾಡಿಲ್ರಿ ಅಕ್ಕಾರ, ಆ ಕಾಗದ ಒಮ್ಮೆ ತೋರಸ್ರಿ ಅಂತ ರೆಕಾರ್ಡ್ ರೂಮಿಗೆ ಬಂದ. ನಾಲ್ಕ ಸಲ ಬಂದ. ಮೂರ ಸಲ ಎದ್ದು ಹುಡುಕಿದೆ. ನಾಲ್ಕನೇ ಸಲ ಬಂದಾಗ ಆಡಿಟ್ ನಡದಿತ್ತು. ಕುರ್ಚಿ ಬಿಟ್ಟು ಏಳಲಿಲ್ಲ. ಹುಡುಕಿದೆ, ಸಿಗಲಿಲ್ಲ ಅಂದೆ. ಆಗಲಿರಿ ಅಕ್ಕಾರ ಅಂತ ಕೈಮುಗದು ಹೋದ."

"ಆಮೇಲೆ?"

"ಎರಡ ವರ್ಷದ ಮ್ಯಾಲೆ ರ‍್ಯಾಕ್ ಸರಸೂ ಮುಂದ ಸಿಕ್ತು. ಬ್ಯಾರೆ ರ‍್ಯಾಕಿನ್ಯಾಗ ಕೂತಿತ್ತು. ಜಾಮೀನು ಹಾಕಿದಾಂವ ಅವನಲ್ಲ. ಹೆಸರು, ಅಡ್ಡಹೆಸರು ಎರಡೂ ಒಂದ. ತಂದಿ ಹೆಸರು ಬ್ಯಾರೆ."

ಅದೇ ಸಂಜೆ ಮೌಶಿ ಝೆರಾಕ್ಸ್ ಮಾಡಿಸಿಕೊಂಡು ಅವನ ಚಾಳಿಗೆ ಓಡಿದ್ದರು. ಅಷ್ಟರಲ್ಲಿ ಮಿಲ್ ಮುಚ್ಚಿತ್ತು. ಅವನ ಖೋಲಿಯಲ್ಲಿ ಬೇರೆ ಸಂಸಾರವಿತ್ತು. ಊರಿಗೆ ಹೋದ ಎಂದರು. ಯಾವ ಊರೆಂದು ಯಾರಿಗೂ ಗೊತ್ತಿರಲಿಲ್ಲ.

"ಆ ಝೆರಾಕ್ಸ್ ಇನ್ನೂ ನನ್ನ ಕಡೆ ಅದ ತಮ್ಮಾ" ಎಂದರು. ಅಷ್ಟೆ. ಮತ್ತೆ ಆ ವಿಷಯ ಎತ್ತಲಿಲ್ಲ. ನಾನು ದೂರನ್ನು ಮೊದಲಿನಿಂದ ಬರೆದೆ. ಅದರಲ್ಲಿ ವಿಮೆಯ ಸಂಗತಿ ಒಂದೇ ಇತ್ತು. ಬಡ್ಡಿಯ ವಿಷಯಕ್ಕೆ ಮೌಶಿ ಬೇರೆಯೇ ಕಾಗದ ಬರೆಸಿದರು: ಈಗ ಹೊಸಬರಿಗೆ ಕೊಡುವ ದರವನ್ನು ನನಗೂ ಕೊಡಿ ಎಂಬ ಅರ್ಜಿ. "ಅದು ದೂರಲ್ಲ, ವಿನಂತಿ. ಎರಡನ್ನೂ ಕಲಸಬ್ಯಾಡ."

ಬ್ಯಾಂಕಿನವರು ಮೊದಲು ಸಹಿ ನನ್ನದೇ ಎಂದು ಸಾಧಿಸಿದರು. ನಾವು ಮೂವತ್ತೊಂದು ಪುಟಗಳ ಮೂವತ್ತೊಂದು ಕನ್ನಡ ಸಹಿಗಳನ್ನು ಒಂದೇ ಹಾಳೆಯಲ್ಲಿ ಝೆರಾಕ್ಸ್ ಮಾಡಿ ಕಳಿಸಿ, ಮುಂದಿನ ದೂರು ಬ್ಯಾಂಕುಗಳ ತಕರಾರು ವಿಚಾರಿಸುವ ಓಂಬುಡ್ಸ್‌ಮನ್‌ಗೆ ಹೋಗುತ್ತದೆ ಎಂದು ಒಂದು ಸಾಲು ಸೇರಿಸಿದೆವು. ಒಂದು ದಿನ ಮ್ಯಾನೇಜರೇ ಫೋನ್ ಮಾಡಿ ಕರೆದು ಕಾಫಿ ಕೊಟ್ಟ. ವಿಮೆಯ ದುಡ್ಡು ಬಡ್ಡಿಸಮೇತ ಸಾಲದಿಂದ ಕಳೆಯಿತು. ದರದ ಅರ್ಜಿಯೂ ಒಂದು ಸಣ್ಣ ಶುಲ್ಕ ತೆಗೆದುಕೊಂಡು ಮಂಜೂರಾಯಿತು. ಒಂಬತ್ತು ವರ್ಷ ಐದಕ್ಕೆ ಇಳಿಯಿತು. ಆ ದಿನ ನನ್ನ ಹೆಂಡತಿ ಎರಡನೇ ಮಹಡಿಗೆ ಪಾಯಸ ಒಯ್ದಳು. ಮೌಶಿ ಪಾತ್ರೆಯ ಮುಚ್ಚಳದ ಮೇಲೆ ತಾರೀಖು ಬರೆದು ಫ್ರಿಜ್ಜಿನಲ್ಲಿಟ್ಟರು.

ಇಷ್ಟಕ್ಕೆ ಮುಗಿಯಬೇಕಿತ್ತು. ಮೌಶಿ ಇನ್ನೂ ಒಂದು ಪತ್ರ ಬರೆಸಿದರು.

"ಗೋಡೌನಿನ್ಯಾಗ ಯಾರೋ ಹುಡುಕಿದಾರಲ್ಲ, ಅವರಿಗೆ."

"ಹೆಸರೇ ಗೊತ್ತಿಲ್ಲವಲ್ಲ ಮೌಶಿ. ಅವರ ಕೆಲಸ ಅವರು ಮಾಡಿದರು."

"ನನ್ನ ಫೈಲು ಹುಡುಕಿದವರಿಗೆ ಅಂತ ಬರಿ. ಬ್ರಾಂಚಿನ್ಯಾಗ ಕೊಡು. ಮೂವತ್ತ ವರ್ಷದಾಗ ನನಗ ಅಂಥಾದ್ದೊಂದು ಬಂದಿದ್ದಿಲ್ಲ."

ನಾಚಿಕೆಪಡುತ್ತಲೇ ಬರೆದುಕೊಟ್ಟೆ. ಎರಡು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಲ್ಯಾಬಿನಲ್ಲಿದ್ದಾಗ ಫೋನ್ ಬಂತು. ಭಿವಂಡಿಯ ಗೋಡೌನಿನಿಂದ ಒಬ್ಬ ಹಿಂದಿಯಲ್ಲಿ ಮಾತಾಡಿದ. ಪತ್ರ ಕೈಯಿಂದ ಕೈಗೆ ದಾಟಿ ಅವನಿಗೆ ತಲುಪಿತ್ತು. ಸೂಪರ್‌ವೈಸರ್ ಎಲ್ಲರೆದುರು ಓದಿದನಂತೆ. ಸುಮ್ಮನೆ ಫೋನ್ ಮಾಡಿದೆ ಸಾಬ್ ಎಂದ. ಸಂಜೆ ಮೌಶಿಗೆ ಹೇಳಿದೆ. ಅವರು ತಕ್ಷಣ ಅವನ ನಂಬರು ಬರೆದುಕೊಂಡು, ಶನಿವಾರ ನನಗೆ ರಜೆ ಹಾಕಿಸಿದರು.

ಎರಡು ಬಸ್ಸು ಬದಲಿಸಿ ಹೋದೆವು. ಎಪ್ಪತ್ತು ದಾಟಿದ ಮೌಶಿಯ ಮಡಿಲಲ್ಲಿ ಶೇಂಗಾ ಹೋಳಿಗೆಯ ಡಬ್ಬಿ. ಗೋಡೌನಿನ ಒಳಗೆ ಹೊರಗಿನವರನ್ನು ಬಿಡುವುದಿಲ್ಲ. ಗೇಟಿನಲ್ಲಿ ಕಾಯುತ್ತ ನಿಂತಾಗ ಮೂಗಿಗೆ ಕರವಸ್ತ್ರ ಕಟ್ಟಿಕೊಂಡಿದ್ದ, ಹುಬ್ಬಿನ ಮೇಲೂ ಧೂಳು ಕೂತಿದ್ದ ಐವತ್ತರ ಆಸುಪಾಸಿನ ಒಬ್ಬ ಬಂದ. ಕರವಸ್ತ್ರ ಕೆಳಗೆಳೆದು ನಮಸ್ಕಾರ ಮಾಡಿದ.

ಮೌಶಿ ಒಂದೇ ಪ್ರಶ್ನೆ ಕೇಳಿದರು, ಎಷ್ಟು ದಿನ ಹುಡುಕಿದೆ ಎಂದು. "ಭಯ್ಯಾ, ಕಿತನೇ ದಿನ ಢೂಂಢಾ?"

"ತೀನ್ ದಿನ್ ಮ್ಯಾಡಮ್. ಗಲತ್ ರ‍್ಯಾಕ್ ಮೇ ಥೀ" ಎಂದ ಅವನು. ಮೂರು ದಿನ ಹುಡುಕಿದ್ದನಂತೆ; ನಂಬರಿನ ಪ್ರಕಾರ ಇರಬೇಕಾದ ಕಡೆ ಇರದೆ ತಪ್ಪು ರ‍್ಯಾಕಿನಲ್ಲಿ ಕೂತಿತ್ತಂತೆ. ಸಿಗಲಿಲ್ಲ ಎಂದು ಬರೆದುಬಿಡು ಎಂದು ಎಲ್ಲರೂ ಹೇಳಿದರಂತೆ. ಪಕ್ಕದ ಸಾಲನ್ನೂ ಒಂದು ಸಲ ನೋಡಿಬಿಡೋಣ ಎನಿಸಿ ಏಣಿ ಹಾಕಿದನಂತೆ.

ಮೌಶಿ ಡಬ್ಬಿಯನ್ನು ನನ್ನ ಕೈಗೆ ಕೊಟ್ಟರು. ಅವನ ಎರಡೂ ಕೈಗಳನ್ನು, ಧೂಳಿದ್ದ ಹಾಗೆಯೇ, ಹಿಡಿದು ತಮ್ಮ ಕಣ್ಣಿಗೊತ್ತಿಕೊಂಡರು. ಅವನು "ಅರೇ ಮ್ಯಾಡಮ್, ಅರೇ ಮ್ಯಾಡಮ್" ಎನ್ನುತ್ತ ದಿಕ್ಕು ತೋಚದೆ ನನ್ನ ಮುಖ ನೋಡಿದ. ಆ ಹಳೆಯ ಝೆರಾಕ್ಸಿನ ಕತೆ ಅವನಿಗೆ ಹೇಗೆ ಹೇಳುವುದು? ಒಂದು ಟ್ರಕ್ಕು ಹಾರ್ನ್ ಹೊಡೆಯುತ್ತ ಬಂತು. ಮೂವರೂ ಪಕ್ಕಕ್ಕೆ ಸರಿದು ಗೇಟಿನ ಕಟ್ಟೆಯ ಮೇಲೆ ಕುಳಿತೆವು. ಡಬ್ಬಿ ತೆರೆದೆ. ಮೌಶಿ ಮೊದಲ ಹೋಳಿಗೆಯನ್ನು ಅವನಿಗೆ ಕೊಟ್ಟರು.